‘ಪಾಸು’ ಎಂಬ ಒಂದು ಶಬ್ದ

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಈ ಸಮ್ಮೇಳನದಲ್ಲಿ ಮುಖ್ಯಾಧ್ಯಾಪಕನಾದವನು ಶಾಲೆಯ ವರದಿಯನ್ನು ಓದುವುದು ವಾಡಿಕೆ. ವರದಿಯನ್ನು ಈ ಸಲ ಅಚ್ಚು ಹಾಕಿಸಿ ನಿಮ್ಮ ಕೈಗೇ ಕೊಟ್ಟಿದ್ದೇವೆ. ಓದಬಲ್ಲವರು ಓದಿಕೊಳ್ಳುತ್ತಾರೆ, ಓದಲಾರದವರಿಗೆ ಅವರ ಮಕ್ಕಳು ಓದಿ ಹೇಳುತ್ತಾರೆ. ಹಾಗಾಗದಿದ್ದರೆ ನಾವು ಇಲ್ಲಿ ಕುಳಿತು ಮಾಡುತ್ತಿರುವುದಾದರೂ ಏನು? ಆದ್ದರಿಂದ ನನಗೆ ದೊರೆತಿರುವ ಅರ್ಧ ಗಂಟೆಯನ್ನು ಒಂದೇ ಒಂದು ಇಂಗ್ಲಿಷ್ ಶಬ್ದಕ್ಕೆ ಮೀಸಲಿಡುತ್ತೇನೆ. ಅದು ದೊಡ್ಡ ಶಬ್ದವಲ್ಲ. ಇಂಗ್ಲಿಷ್ ಬಾರದವರೂ ದಿನಕ್ಕೆ ಹತ್ತು ಸಲ ಆಡುವ ಶಬ್ದ. ಅದು ‘ಪಾಸು’.

ಇಂದು ಬೆಳಗಿನಿಂದ ಈ ಆವರಣದಲ್ಲಿ ಆ ಶಬ್ದ ಎಷ್ಟು ಸಲ ನನ್ನ ಕಿವಿಗೆ ಬಿತ್ತೆಂದು ಲೆಕ್ಕವಿಟ್ಟಿದ್ದೇನೆ. ಎಂಟೂವರೆಯ ಬಸ್ಸಿನಿಂದ ಇಳಿದ ಹುಡುಗಿಯೊಬ್ಬಳು, ಕಂಡಕ್ಟರನು ಪಾಸು ಕೇಳಿದನೆಂದೂ ತಾನು ಮರೆತು ಬಂದಿದ್ದೆನೆಂದೂ ಗೆಳತಿಗೆ ಹೇಳುತ್ತಿದ್ದಳು. ಮೈದಾನದಲ್ಲಿ ಚೆಂಡಾಡುತ್ತಿದ್ದ ಹುಡುಗರು ‘ಪಾಸ್ ಕೊಡೋ, ಪಾಸ್ ಕೊಡೋ’ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ನಮ್ಮ ಖಜಾಂಚಿಗಳು ಮಂಟಪದವನ ಬಿಲ್ಲು ಇನ್ನೂ ಪಾಸಾಗಿಲ್ಲವೆಂದರು. ಒಬ್ಬ ಪಾಲಕರು ತಮ್ಮ ಮಗ ಓದುವುದನ್ನು ಬಿಟ್ಟು ಬರೀ ಟೈಂಪಾಸು ಮಾಡುತ್ತಾನೆಂದು ದೂರಿದರು. ಕೊನೆಗೆ ಒಬ್ಬ ಮುದುಕಿ ನನ್ನ ಕೈ ಹಿಡಿದು, “ನಮ್ಮ ಹುಡುಗ ಪಾಸ್ ಆಗ್ತಾನಿಲ್ರಿ ಸರ್?” ಎಂದು ಕೇಳಿದಳು. ಐದು ಮಂದಿ ಆಡಿದ್ದು ಒಂದೇ ಶಬ್ದ. ಅರ್ಥ ಮಾತ್ರ ಐದು. ಒಂದು ಕಡೆ ಅದು ಕಾಗದದ ಚೂರು. ಒಂದು ಕಡೆ ಚೆಂಡನ್ನು ಇನ್ನೊಬ್ಬರಿಗೆ ಕೊಟ್ಟುಬಿಡುವುದು. ಒಂದು ಕಡೆ ಮಂಜೂರಾತಿ. ಒಂದು ಕಡೆ ಹೊತ್ತುಗಳೆಯುವುದು. ಆ ಅಜ್ಜಿಗಾದರೋ ಮೊಮ್ಮಗನ ಬಾಳು.

ಇಷ್ಟೊಂದು ಅರ್ಥಗಳು ಒಂದು ಸಣ್ಣ ಶಬ್ದಕ್ಕೆ ಹೇಗೆ ಬಂದವು? ಇದರ ಮೂಲ ಲ್ಯಾಟಿನ್ ಭಾಷೆಯ ‘ಪಾಸ್ಸುಸ್’ ಎಂಬ ಶಬ್ದ. ಅದರ ಅರ್ಥ ಹೆಜ್ಜೆ. ಹೆಜ್ಜೆ ಹಾಕುವುದರಿಂದ ನಡೆಯುವುದು, ನಡೆಯುವುದರಿಂದ ದಾಟುವುದು. ಲ್ಯಾಟಿನ್ನಿನಿಂದ ಹಳೆಯ ಫ್ರೆಂಚಿಗೆ ಬಂದ ಈ ಶಬ್ದ, ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ, ಅವರೊಡನೆ ಹೋದ ನೂರಾರು ಫ್ರೆಂಚ್ ಶಬ್ದಗಳ ಗುಂಪಿನಲ್ಲಿ ಇಂಗ್ಲಿಷಿಗೆ ಸೇರಿತು. ಅಲ್ಲಿಂದ ಹಡಗು ಹತ್ತಿ ನಮ್ಮ ದೇಶಕ್ಕೆ ಬಂತು. ಹೆಜ್ಜೆ, ದಾಟು ಎಂಬ ಈ ಎರಡು ಅರ್ಥಗಳನ್ನು ಕೈಯಲ್ಲಿ ಹಿಡಿದರೆ ಉಳಿದ ಬಾಗಿಲುಗಳೆಲ್ಲ ತಾವಾಗಿಯೇ ತೆರೆಯುತ್ತವೆ. ಚೆಂಡು ಒಬ್ಬನಿಂದ ಒಬ್ಬನಿಗೆ ದಾಟುತ್ತದೆ. ಬಿಲ್ಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟುತ್ತದೆ. ದಾಟದೆ ಮೊದಲ ಮೇಜಿನ ಮೇಲೆಯೇ ಮಲಗುವುದೂ ಉಂಟು. ಹೊತ್ತು ತಾನಾಗಿಯೇ ದಾಟುತ್ತದೆ. ಬೆಟ್ಟಸಾಲನ್ನು ದಾಟುವ ಇಕ್ಕಟ್ಟಾದ ಜಾಗಕ್ಕೂ ಇದೇ ಹೆಸರು. ಖೈಬರ್ ಪಾಸ್ ಎಂದು ಭೂಗೋಲದಲ್ಲಿ ನೀವು ಓದಿದ್ದೀರಿ. ಸಿಕ್ಕಿಮಿನ ‘ನಾಥು ಲಾ’ ಎಂಬಲ್ಲಿ ‘ಲಾ’ ಎಂದರೇನೇ ಟಿಬೆಟ್ ಭಾಷೆಯಲ್ಲಿ ಕಣಿವೆದಾರಿ; ಆದರೂ ಪುಸ್ತಕದವರು ‘ನಾಥು ಲಾ ಪಾಸ್’ ಎಂದು ಬರೆಯುತ್ತಾರೆ, ನಾವು ‘ನಡುಮಧ್ಯ’ ಎನ್ನುವ ಹಾಗೆ.

ಒಂದು ಶಬ್ದದ ನೆಂಟರಿಷ್ಟರನ್ನು ಕಲೆಹಾಕುವುದು ಮದುವೆಯ ಆಮಂತ್ರಣ ಹಂಚಿದಂತೆ; ಎಲ್ಲೆಲ್ಲಿಯೋ ಇರುವವರು ಹೊರಬೀಳುತ್ತಾರೆ. ರೋಮನ್ ಸೈನಿಕರು ದಾರಿಯನ್ನು ಹೆಜ್ಜೆಯಿಂದ ಅಳೆಯುತ್ತಿದ್ದರು. ಅವರ ಒಂದು ‘ಪಾಸ್ಸುಸ್’ ಎಂದರೆ ಎಡಗಾಲು ಬಲಗಾಲು ಕೂಡಿದ ಜೋಡಿಹೆಜ್ಜೆ. ಅಂಥ ಸಾವಿರ ಹೆಜ್ಜೆಗಳಿಗೆ ‘ಮಿಲ್ಲೆ’ ಎಂದರೆ ಸಾವಿರ ಎಂಬುದರಿಂದ ಹೆಸರಾಯಿತು. ಅದೇ ನಮ್ಮ ಅಜ್ಜಂದಿರು ಆಡುತ್ತಿದ್ದ ಮೈಲು. ನಿಮ್ಮೆಲ್ಲರ ಚೀಲದಲ್ಲಿರುವ ಕಂಪಾಸು ಪೆಟ್ಟಿಗೆಯನ್ನು ತೆಗೆಯಿರಿ. ಆ ಕಂಪಾಸಿನಲ್ಲಿಯೂ ಇದೇ ಪಾಸು ಅಡಗಿದೆ: ಎರಡು ಕಾಲಿನ ಆ ಉಪಕರಣವು ಒಂದು ಕಾಲನ್ನು ಊರಿ ಇನ್ನೊಂದು ಕಾಲಿನಿಂದ ಸುತ್ತ ಹೆಜ್ಜೆಯಿಟ್ಟು ಅಳೆಯುತ್ತದೆ. ಉದಗೀರದವರಿಗೆ ಪ್ಯಾಸೆಂಜರ್ ಗಾಡಿ ಗೊತ್ತು. ಬೀದರ, ಭಾಲ್ಕಿಯ ಕಡೆಯಿಂದ ಬಂದು ಲಾತೂರ ರೋಡಿನತ್ತ ಸಾಗುವ ಹಳಿಯ ಮೇಲೆ ಅದನ್ನು ಕಾಯ್ದವರು ನೀವು. ಪ್ಯಾಸೆಂಜರ್ ಎಂದರೆ ದಾಟಿ ಹೋಗುವವನು. ಪಾಸ್‌ಪೋರ್ಟ್ ಎಂದರೆ ಬಂದರನ್ನೋ ಬಾಗಿಲನ್ನೋ ದಾಟಲು ಕೊಟ್ಟ ಅಪ್ಪಣೆ. ನಮ್ಮಲ್ಲಿ ಪಾಸ್‌ಪೋರ್ಟ್ ಕಂಡವರು ಕಡಿಮೆ, ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ ತೆಗೆಸದವರು ಯಾರೂ ಇಲ್ಲ. ವಿದ್ಯಾರ್ಥಿವೇತನಕ್ಕಾಗಿ ನೀವು ಬ್ಯಾಂಕಿನಲ್ಲಿ ತೆಗೆಸಿದ ಪಾಸ್‌ಬುಕ್ಕು ಬ್ಯಾಂಕಿಗೂ ಗಿರಾಕಿಗೂ ನಡುವೆ ಹೋಗಿ ಬಂದು ಮಾಡುವ ಪುಸ್ತಕವಾದ್ದರಿಂದ ಆ ಹೆಸರು ಪಡೆಯಿತು. ವ್ಯಾಕರಣದಲ್ಲಿ ಭೂತಕಾಲಕ್ಕೆ ‘ಪಾಸ್ಟ್’ ಎನ್ನುತ್ತೇವಲ್ಲ, ಅದೂ ಬೇರೆಯಲ್ಲ. ದಾಟಿಹೋದದ್ದು ಎಂದೇ ಅದರ ಅರ್ಥ. ಹತ್ತನೆಯ ತರಗತಿಯವರು ‘ಪಾಸ್ಡ್’, ‘ಪಾಸ್ಟ್’ ಎಂಬ ಎರಡರ ಕಾಗುಣಿತವನ್ನು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುತ್ತಾರೆ. ಉಚ್ಚಾರ ಒಂದೇ, ಹುಟ್ಟೂ ಒಂದೇ, ಬರವಣಿಗೆ ಮಾತ್ರ ಎರಡು ಎಂಬುದನ್ನು ನೆನಪಿಡಿರಿ.

ಆದರೆ ಮುಖ ಕಂಡು ನೆಂಟನೆಂದು ನಂಬಬಾರದು. ‘ಪ್ಯಾಸಿವ್ ವಾಯ್ಸ್’ ಎಂದು ನಿಮ್ಮನ್ನು ಕಾಡುವ ಕರ್ಮಣಿ ಪ್ರಯೋಗದ ಶಬ್ದಕ್ಕೂ ಪಾಸಿಗೂ ಸಂಬಂಧವಿಲ್ಲ. ಅದು ಅನುಭವಿಸು, ತಾಳಿಕೊ ಎಂಬರ್ಥದ ಬೇರೊಂದು ಲ್ಯಾಟಿನ್ ಧಾತುವಿನಿಂದ ಬಂದದ್ದು. ಆಸ್ಪತ್ರೆಯ ‘ಪೇಷಂಟ್’ ಕೂಡ ಅದೇ ಧಾತುವಿನ ಕೂಸು.

ಇಂಗ್ಲಿಷಿನ ಮಾತು ಇರಲಿ. ಗಡಿನಾಡಿನ ನಮ್ಮ ಮಕ್ಕಳ ಕಿವಿಗೆ ‘ಪಾಸ್’ ಎಂಬ ಸದ್ದು ಒಂದೇ ದಿಕ್ಕಿನಿಂದ ಬೀಳುವುದಿಲ್ಲ. ಉದಗೀರದ ಬಜಾರಿನಲ್ಲಿ ದಖನಿ ಆಡುವ ಅಂಗಡಿಯವನು ‘ಮೇರೆ ಪಾಸ್ ನಹೀ’ ಎನ್ನುತ್ತಾನೆ. ಅಲ್ಲಿ ಪಾಸ್ ಎಂದರೆ ಹತ್ತಿರ. ಅದು ಸಂಸ್ಕೃತದ ‘ಪಾರ್ಶ್ವ’ದಿಂದ ಸವೆದು ಬಂದ ಶಬ್ದ. ಮರಾಠಿಯವರು ‘ಉಮರಗ್ಯಾಪಾಸೂನ್’ ಎನ್ನುತ್ತಾರೆ. ಅಲ್ಲಿ ‘ಪಾಸೂನ್’ ಎಂದರೆ ಇಂದ, ಅಂದರೆ ಉಮರಗಾದಿಂದ. ನಮ್ಮ ಹಳಗನ್ನಡದಲ್ಲಿಯೂ ‘ಪಾಸು’ ಎಂಬ ಶಬ್ದವಿದೆ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಆ ಪಾಸು ಇಂದು ಹಾಸು ಆಗಿದೆ. ಹಾಸಿಗೆ ಎನ್ನುವಾಗ ನಾವು ಅದನ್ನೇ ಆಡುತ್ತೇವೆ. ಒಂದು ತಮಾಷೆಯನ್ನು ನೋಡಿರಿ: ಲ್ಯಾಟಿನ್ನಿನ ‘ಪಾಸ್ಸುಸ್’ ಹುಟ್ಟಿದ್ದು ಹರಡು, ಚಾಚು ಎಂಬರ್ಥದ ಕ್ರಿಯಾಪದದಿಂದ, ಹೆಜ್ಜೆ ಎಂದರೆ ಕಾಲನ್ನು ಚಾಚಿದ ಅಳತೆ. ನಮ್ಮ ಪಾಸು ಕೂಡ ಹರಡುವುದೇ. ಇದು ಕೇವಲ ಕಾಕತಾಳೀಯ. ಇವೆರಡೂ ಅಕ್ಕತಂಗಿಯರೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಶಬ್ದಗಳ ಹುಚ್ಚು ಹಿಡಿದವರು ಇಂಥ ಕಡೆ ಬಹಳ ಸಲ ಜಾರಿ ಬಿದ್ದಿದ್ದಾರೆ. ಚಿಕ್ಕಂದಿನಲ್ಲಿ ನಾನೂ ಬಿದ್ದವನೇ.

ಈ ಪರದೇಶದ ಶಬ್ದವನ್ನು ನಾವು ಬಂದಂತೆ ಇಟ್ಟುಕೊಳ್ಳಲಿಲ್ಲ. ಕನ್ನಡದಲ್ಲಿ ಅದಕ್ಕೆ ಉಕಾರ ಸೇರಿಸಿ, ‘ಆಗು’ ಹಚ್ಚಿ, ಪಾಸಾದ, ಪಾಸಾದಳು, ಪಾಸಾದೀತು ಎಂದು ಪ್ರತ್ಯಯಗಳನ್ನು ತೊಡಿಸಿದೆವು. ಎಲ್ಲಕ್ಕಿಂತ ನನಗೆ ಮೆಚ್ಚಿಕೆಯಾದುದು ‘ನಾಪಾಸು’ ಎಂಬ ಶಬ್ದ. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಅದು ಸಲೀಸಾಗಿ ನಡೆಯುತ್ತದೆ. ನಾಲಾಯಕು, ನಾಪಸಂತು ಎಂಬಲ್ಲಿ ಇರುವ ಪಾರಸಿಯ ‘ನಾ’ ಮುಂದೆ. ಲಂಡನ್ನಿನ ‘ಪಾಸ್’ ಹಿಂದೆ. ಇಂಗ್ಲೆಂಡಿನಲ್ಲಿ ಯಾರಿಗೂ ತಿಳಿಯದ ಈ ಶಬ್ದ ನಮ್ಮ ಕುರುಬರ ಓಣಿಯ ಮುದುಕರಿಗೂ ತಿಳಿಯುತ್ತದೆ. ನಿಜಾಮರ ಕಾಲದ ಉರ್ದು ದಫ್ತರು, ಮುಂಬಯಿ ಪ್ರಾಂತದ ಇಂಗ್ಲಿಷ್ ಪರೀಕ್ಷೆ, ಮನೆಯ ಕನ್ನಡ, ಸಂತೆಯ ಮರಾಠಿ, ಇಷ್ಟನ್ನೂ ಉಂಡು ಅರಗಿಸಿಕೊಂಡ ನಾಡಿನಲ್ಲಿ ಮಾತ್ರ ಇಂಥ ಶಬ್ದಕ್ಕೆ ಪೂರ್ಣ ಮರ್ಯಾದೆ ಸಿಗುತ್ತದೆ.

ನಾವು ಕೊಟ್ಟ ಅರ್ಥವನ್ನೇ ಹಿಡಿದು ಇಂಗ್ಲಿಷಿನವರ ಮುಂದೆ ಮಾತಾಡಹೋದರೆ ಪೇಚಾಟಕ್ಕಿಡಾಗುವುದೂ ಉಂಟು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ನೌಕರಿಯ ಅರ್ಜಿಯಲ್ಲಿ ತಾನು ಇಂಥ ವರ್ಷ ಈ ಶಾಲೆಯಿಂದ ‘ಪಾಸ್ ಔಟ್’ ಆದೆನೆಂದು ಬರೆದು ನನಗೆ ತೋರಿಸಲು ತಂದಿದ್ದ. ನಮ್ಮ ದೇಶದ ಇಂಗ್ಲಿಷಿನಲ್ಲಿ ಅದು ರೂಢಿಯ ಮಾತೇ. ಡೆಹರಾಡೂನಿನ ಸೈನಿಕ ಅಕಾಡೆಮಿಯಲ್ಲಿ ಶಿಕ್ಷಣ ಮುಗಿಸಿದ ಅಧಿಕಾರಿಗಳ ಕವಾಯತಿಗೂ ‘ಪಾಸಿಂಗ್ ಔಟ್ ಪರೇಡ್’ ಎಂದೇ ಹೆಸರು. ಆದರೆ ಇಂಗ್ಲೆಂಡಿನ ಸಾಮಾನ್ಯನಿಗೆ ‘ಪಾಸ್ ಔಟ್’ ಎಂದರೆ ಎಚ್ಚರ ತಪ್ಪಿ ಬೀಳುವುದು! ಪರೀಕ್ಷೆಯ ಕೊನೆಯ ದಿನ ನಮ್ಮಲ್ಲಿ ಕೆಲವರು ಎರಡೂ ಅರ್ಥದಲ್ಲಿ ಪಾಸ್ ಔಟ್ ಆಗುವುದನ್ನು ನಾನು ಕಂಡಿದ್ದೇನೆ. ಒಂದು ಸಣ್ಣ ಉಪಸರ್ಗ, ಒಂದು ಅವ್ಯಯ ಹಿಂದೆ ಮುಂದೆ ಸೇರಿತೆಂದರೆ ಈ ಶಬ್ದದ ಮುಖವೇ ಬದಲಾಗುತ್ತದೆ. ‘ಪಾಸ್ ಆನ್’ ಎಂದರೆ ಮುಂದಿನವರಿಗೆ ದಾಟಿಸು. ‘ಪಾಸ್ ಓವರ್’ ಎಂದರೆ ಕಡೆಗಣಿಸಿ ಮುಂದೆ ಹೋಗು. ‘ಬೈಪಾಸ್’ ಎಂದರೆ ಬಳಸಿಕೊಂಡು ಹೋಗುವ ದಾರಿ. ಸೋಲಾಪುರ ಹೈದರಾಬಾದ ಹೆದ್ದಾರಿಯ ಮೇಲಿರುವ ಉಮರಗಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎದೆಯ ರಕ್ತನಾಳ ಕಟ್ಟಿಕೊಂಡಾಗ ಕಾಲಿನ ನಾಳವನ್ನು ತೆಗೆದು ಹೊಲಿದು ರಕ್ತಕ್ಕೆ ಬಳಸುದಾರಿ ಮಾಡಿಕೊಡುವ ಶಸ್ತ್ರಕ್ರಿಯೆಗೂ ಅದೇ ಹೆಸರು. ಅರ್ಜೆಂಟೀನಾದ ವೈದ್ಯ ರೆನೆ ಫಾವಲೋರೊ ೧೯೬೭ರಲ್ಲಿ ಅದನ್ನು ಅಮೇರಿಕೆಯ ಆಸ್ಪತ್ರೆಯೊಂದರಲ್ಲಿ ಮಾಡಿ ತೋರಿಸಿ ರೂಢಿಗೆ ತಂದ. ಈ ಸಭೆಯಲ್ಲಿ ಅಂಥ ಎರಡನೆಯ ಜನ್ಮ ಪಡೆದವರು ಇಬ್ಬರು ಕುಳಿತಿದ್ದಾರೆ, ಅವರಿಗೆ ನಮಸ್ಕಾರ.

ಇನ್ನೊಂದು ಅವ್ಯಯ ಉಳಿಯಿತು. ‘ಅವೇ’, ಎಂದರೆ ದೂರ. ಇದರ ಬಗ್ಗೆ ಹೇಳಬೇಕೆಂದೇ ನಾನು ಈ ವಿಷಯವನ್ನು ಆರಿಸಿಕೊಂಡೆ. ಮನೆಯವರ ಅನುಮತಿ ಪಡೆದು ಹೇಳುತ್ತಿದ್ದೇನೆ; ಹೆಸರನ್ನು ಹೇಳುವುದಿಲ್ಲ.

೨೦೨೦ರ ಮಾರ್ಚ ೨೫ರಂದು ದೇಶವೆಲ್ಲ ಬಾಗಿಲು ಹಾಕಿಕೊಂಡದ್ದು ನಿಮಗೆ ನೆನಪಿದೆ. ನಮ್ಮ ಪಾಲಿಗೆ ಆ ಬಾಗಿಲು ಉಳಿದವರಿಗಿಂತ ಹೆಚ್ಚು ಬಿಗಿಯಾಗಿತ್ತು. ನಿಲಂಗಾ, ಉದಗೀರಗಳು ೧೯೫೬ರವರೆಗೂ ಬೀದರ ಜಿಲ್ಲೆಯ ತಾಲೂಕುಗಳು. ಆ ವರ್ಷ ದಿಲ್ಲಿಯಲ್ಲಿ ರಾಜ್ಯ ಪುನರ್ವಿಂಗಡಣೆಯ ಮಸೂದೆ ಪಾಸಾಯಿತು. ನೋಡಿರಿ, ಇಲ್ಲಿಯೂ ಅದೇ ಶಬ್ದ. ನವೆಂಬರ ೧ರಂದು ಅದು ಜಾರಿಗೆ ಬಂದು ನಾವು ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಸೇರಿದೆವು. ೧೯೬೦ರ ಮೇ ೧ರಿಂದ ಮಹಾರಾಷ್ಟ್ರದವರಾದೆವು. ೧೯೮೨ರಲ್ಲಿ ನಿಲಂಗಾ ಉದಗೀರಗಳು ಲಾತೂರ ಜಿಲ್ಲೆಗೆ ಬಂದವು. ಉಮರಗಾ ಉಸ್ಮಾನಾಬಾದಿನಲ್ಲಿಯೇ, ಎಂದರೆ ಇಂದಿನ ಧಾರಾಶಿವದಲ್ಲಿಯೇ, ಉಳಿಯಿತು. ಜಿಲ್ಲೆಗಳು ಬದಲಾದವು, ಬೀಗತನಗಳು ಬದಲಾಗಲಿಲ್ಲ. ಭಾಲ್ಕಿ, ಔರಾದ, ಬಸವಕಲ್ಯಾಣ, ಆಳಂದಗಳಿಂದ ಹೆಣ್ಣು ತರುವುದು, ಅತ್ತ ಹೆಣ್ಣು ಕೊಡುವುದು ನಡೆದೇ ಇತ್ತು. ಮಾಂಜರೆಯ ನೀರಿಗೆ ಯಾವ ರಾಜ್ಯದ ಹೊಲವೆಂಬ ಅರಿವಿಲ್ಲ. ನಮಗೂ ಬಹುಮಟ್ಟಿಗೆ ಇರಲಿಲ್ಲ. ಆ ವರ್ಷದ ಬೇಸಗೆಯಲ್ಲಿ ಮೊದಲ ಸಲ, ತವರಿಗೆ ಹೋಗುವ ಮಗಳು ಪಾಸು ತೆಗೆಸಬೇಕಾಯಿತು.

ನಿಲಂಗಾ ತಾಲೂಕಿನ ಒಂದು ಹಳ್ಳಿಯಲ್ಲಿ ನಾಲ್ಕನೆಯ ತರಗತಿ ಮುಗಿಸಿದ ನಮ್ಮ ಒಬ್ಬ ಹುಡುಗನಿದ್ದ. ಅವನ ತಾಯಿಯ ತವರು ಭಾಲ್ಕಿ ತಾಲೂಕಿನಲ್ಲಿ. ಅಲ್ಲಿ ಅವನ ಅಜ್ಜಿ ಹಾಸಿಗೆ ಹಿಡಿದಿದ್ದಳು. ಮನೆಯವರು ಫೋನಿನಲ್ಲಿ ಪಾಸಿಗೆ ಅರ್ಜಿ ಹಾಕಿದರು, ಮೊದಲನೆಯದು ತಿರಸ್ಕೃತವಾಯಿತು, ಎರಡನೆಯದಕ್ಕೆ ಉತ್ತರ ಬರಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಬಲ್ಲವನು ಈ ಹುಡುಗನೊಬ್ಬನೇ. ಪಾಸ್ ಬಂತೇನು, ಪಾಸ್ ಬಂತೇನು ಎಂದು ತಾಯಿ ದಿನಕ್ಕೆ ಹತ್ತು ಸಲ ಅವನನ್ನು ಕೇಳುವಳು, ಅವನು ದಿನಕ್ಕೆ ಹತ್ತು ಸಲ ಫೋನನ್ನು ನೋಡುವನು. ಮೇ ತಿಂಗಳ ಒಂದು ಬೆಳಿಗ್ಗೆ ಹೈದರಾಬಾದಿನಲ್ಲಿರುವ ಸೋದರಮಾವನಿಂದ ಇಂಗ್ಲಿಷಿನಲ್ಲಿ ಒಂದು ಸಾಲಿನ ಸಂದೇಶ ಬಂತು. ಅದರಲ್ಲಿ ‘ಪಾಸ್ಡ್ ಅವೇ’ ಎಂದಿತ್ತು. ಹುಡುಗನಿಗೆ ಮೊದಲ ಶಬ್ದ ಗೊತ್ತು, ಎರಡನೆಯದು ಗೊತ್ತಿಲ್ಲ. “ಅವ್ವಾ, ಪಾಸ್ ಆಯ್ತು!” ಎಂದು ಅಂಗಳದಲ್ಲಿ ಕುಣಿದಾಡಿದ. ತಾಯಿ ಬುತ್ತಿಗೆ ರೊಟ್ಟಿ ಬಡಿಯಲು ಕುಳಿತಳು. ಸೀರೆ ಗಂಟು ಕಟ್ಟಿದಳು. ಅಜ್ಜಿಗೆ ಇಷ್ಟವೆಂದು ಶೇಂಗಾ ಹಿಂಡಿ ಕುಟ್ಟಿದಳು. ಒಂದು ತಾಸಿನ ಮೇಲೆ ಫೋನು ಬಂತು.

ಪಾಸು ಆ ದಿನವೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಮಣ್ಣನ್ನು ಫೋನಿನ ಚಿತ್ರದಲ್ಲಿ ಕಂಡರು.

ಐದನೆಯ ತರಗತಿಯ ಮಕ್ಕಳಿಗೆ ಶಾಲೆ ತೆರೆದದ್ದು ೨೦೨೧ರ ಜನೆವರಿಯ ಕೊನೆಯಲ್ಲಿ. ಮೊದಲ ವಾರದಲ್ಲಿಯೇ ಆ ಹುಡುಗ ನನ್ನ ಕೋಣೆಯ ಬಾಗಿಲಲ್ಲಿ ನಿಂತ. “ಸರ್, ಪಾಸ್ ಅಂದ್ರ ಸಾಯೋದು ಹ್ಯಾಂಗ್ ಆಗ್ತದ್ರಿ?” ಎಂದು ಕೇಳಿದ. ಎಂಟು ತಿಂಗಳು ಆ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ತಾನು ಕುಣಿದದ್ದರಿಂದಲೇ ಏನೋ ಆಯಿತೆಂಬ ಭಯವೂ ಅವನ ಮುಖದಲ್ಲಿತ್ತು.

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಏಕೆಂದರೆ ಮೂರನೆಯ ತರಗತಿಯಲ್ಲಿ ಅವನಿಗೆ ಆ ಶಬ್ದವನ್ನು ಹೇಳಿಕೊಟ್ಟವನು ನಾನೇ. ಶಿಕ್ಷಕರೊಬ್ಬರು ರಜೆಯಲ್ಲಿದ್ದಾಗ ಆ ತರಗತಿಗೆ ಹೋಗಿ ಹಲಗೆಯ ಮೇಲೆ ಪಾಸ್ ಎಂದು ಬರೆದು, ಎದುರಿಗೆ ‘ತೇರ್ಗಡೆಯಾಗು’ ಎಂದು ಬರೆದು, ಹತ್ತು ಸಲ ಹೇಳಿಸಿ ಬಂದಿದ್ದೆ. ಒಂದು ಶಬ್ದಕ್ಕೆ ಒಂದು ಅರ್ಥ. ಪಾಠ ಮುಗಿಯಿತು, ಗಂಟೆ ಬಾರಿಸಿತು. ಮಹಾರಾಷ್ಟ್ರದಲ್ಲಿ ೨೦೦೦ದಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸುತ್ತೇವೆ. ಆದರೆ ಶಬ್ದವನ್ನು ಕಲಿಸುವುದೆಂದರೆ ಅದರ ಪಕ್ಕದಲ್ಲಿ ಕನ್ನಡದ ಇನ್ನೊಂದು ಶಬ್ದವನ್ನು ಬರೆದು ಗೆರೆ ಎಳೆಯುವುದೆಂದು ನಾವು ತಿಳಿದಿದ್ದೆವು. ನಾನು ಆ ಹುಡುಗನನ್ನು ಕುರ್ಚಿಯ ಮೇಲೆ ಕೂಡಿಸಿ, ನಮ್ಮ ಭಾಷೆಯಲ್ಲಿ ಹಿರಿಯರು ಸತ್ತರೆ ಸತ್ತರೆನ್ನುತ್ತೇವೆಯೇ ಎಂದು ಕೇಳಿದೆ. ಇಲ್ಲ, “ತೀರಿಕೊಂಡ್ರು ಅಂತೀವ್ರಿ” ಎಂದ. ತೀರುವುದೆಂದರೇನು? “ಮುಗಿಯೋದ್ರಿ. ಸಾಲ ತೀರ್ತದ, ಕೆಲಸ ತೀರ್ತದ” ಎಂದ. ಮತ್ತೆ ಏನೇನು ಹೇಳುತ್ತೇವೆ? ಹೋಗಿಬಿಟ್ಟರು, ಲಿಂಗೈಕ್ಯರಾದರು, ಶಿವನ ಪಾದ ಸೇರಿದರು ಎಂದು ತಾನೇ ಎಣಿಸಿದ. ಹಾಗೆಯೇ ಇಂಗ್ಲಿಷಿನವರೂ ಸತ್ತರೆನ್ನಲು ಬಾಯಿ ಬಾರದೆ, ದೂರ ದಾಟಿ ಹೋದರು ಎನ್ನುತ್ತಾರಪ್ಪಾ ಎಂದೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, “ಹಂಗಾದ್ರ ಅಜ್ಜಿಗಿ ಪಾಸ್ ಬೇಕಾಗಿದ್ದಿಲ್ಲ” ಎಂದು ಹೇಳಿ ಎದ್ದು ಹೋದ.

ಆ ದಿನದ ತರುವಾಯ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಶಬ್ದವನ್ನು ಒಂಟಿಯಾಗಿ ಕಲಿಸುವುದನ್ನು ಬಿಟ್ಟಿದ್ದೇವೆ. ವಾರಕ್ಕೊಂದು ಸಾಮಾನ್ಯ ಶಬ್ದವನ್ನು ಹಲಗೆಯ ಮೇಲೆ ಬರೆದು, ಮಕ್ಕಳು ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಅದು ಎಲ್ಲೆಲ್ಲಿ ಹೇಗೆ ಬಂತೆಂದು ಕೇಳಿಕೊಂಡು ಬಂದು ಹೇಳುತ್ತಾರೆ. ಪಠ್ಯಕ್ರಮ ಇದರಿಂದ ಹಿಂದೆ ಬೀಳುತ್ತದೆಂದು ನಮ್ಮ ಶಿಕ್ಷಕರಲ್ಲಿ ಕೆಲವರ ಆಕ್ಷೇಪವಿದೆ. ಆಕ್ಷೇಪ ನಿಜ; ಒಂದಿಷ್ಟು ಹಿಂದೆ ಬೀಳುತ್ತದೆ.

ಈಗ ಆ ಅಜ್ಜಿ ಬೆಳಿಗ್ಗೆ ಕೇಳಿದ ಪಾಸಿಗೆ ಬರೋಣ. ಪರೀಕ್ಷೆಯ ಪಾಸಿಗೆ ನಮ್ಮಲ್ಲಿ ಎರಡು ಶಬ್ದಗಳಿವೆ. ‘ಉತ್ತೀರ್ಣ’ ಎಂಬುದು ಸಂಸ್ಕೃತ. ತೀರ್ಥ ಎಂದರೆ ಹೊಳೆಯನ್ನು ದಾಟುವ ಜಾಗ. ತಾರಕ ಎಂದರೆ ದಾಟಿಸುವವನು. ಅದೇ ಧಾತುವಿನಿಂದ ಬಂದ ಉತ್ತೀರ್ಣ ಎಂದರೆ ದಾಟಿ ಮೇಲೆ ಬಂದವನು. ರೋಮಿನವರ ಪಾಸೂ ನಮ್ಮವರ ಉತ್ತೀರ್ಣವೂ ಒಬ್ಬರನ್ನೊಬ್ಬರು ಕಾಣದೆಯೇ ದಾಟು ಎಂಬ ಒಂದೇ ಅರ್ಥದಲ್ಲಿ ಕೂಡಿದ್ದು ಎಂಥ ಸೊಗಸು! ಇನ್ನು ‘ತೇರ್ಗಡೆ’ ನಮ್ಮ ದ್ರಾವಿಡ ಮನೆಯದು. ತಮಿಳರು ಪರೀಕ್ಷೆಗೆ ತೇರ್ವು ಎಂದೂ ಅದರಲ್ಲಿ ಗೆಲ್ಲುವುದಕ್ಕೆ ತೇರ್ಚಿ ಎಂದೂ ಹೇಳುತ್ತಾರೆ.

ಹೊಳೆ ದಾಟಿದವನು ಮೊಣಕಾಲು ನೀರಿನಲ್ಲಿ ದಾಟಿದನೋ ಕುತ್ತಿಗೆ ನೀರಿನಲ್ಲಿ ದಾಟಿದನೋ ಎಂದು ದಡದವರು ಕೇಳುವುದಿಲ್ಲ. ಆದರೆ ಪಾಲಕರಾದ ನಾವು ಕೇಳುತ್ತೇವೆ. ನೂರಕ್ಕೆ ೩೫ ಅಂಕ ಬಂದರೆ ಪಾಸು ಎಂಬುದು ಮಂಡಳಿಯ ನಿಯಮ. ೩೪ ಬಂದವನು ನಾಪಾಸು. ಆ ಒಂದು ಅಂಕದಲ್ಲಿ ಒಂದು ಹುಡುಗಿಯ ಮದುವೆ ಮೂರು ವರ್ಷ ಮುಂದಕ್ಕೆ ಹೋಗುವುದೋ ಹಿಂದಕ್ಕೆ ಬರುವುದೋ ನಿರ್ಧಾರವಾಗುವುದನ್ನು ನಾನು ಕಂಡಿದ್ದೇನೆ. ೧೮೫೮ರಲ್ಲಿ ಕಲಕತ್ತಾ ವಿಶ್ವವಿದ್ಯಾಲಯವು ಮೊದಲ ಬಿ.ಎ. ಪರೀಕ್ಷೆಯನ್ನು ನಡೆಸಿದಾಗ ಪದವಿ ಪಡೆದವರು ಇಬ್ಬರೇ. ಅವರಿಬ್ಬರೂ ಆರು ವಿಷಯಗಳಲ್ಲಿ ಐದರಲ್ಲಿ ಚೆನ್ನಾಗಿ ಮಾಡಿ, ಒಂದರಲ್ಲಿ ಕೆಲವೇ ಅಂಕಗಳಿಂದ ಹಿಂದೆ ಬಿದ್ದಿದ್ದರು. ಕೃಪಾಂಕ ಕೊಟ್ಟು ಅವರನ್ನು ದಾಟಿಸಲಾಯಿತು. ಆ ಇಬ್ಬರಲ್ಲಿ ಒಬ್ಬರ ಹೆಸರು ಬಂಕಿಮಚಂದ್ರ ಚಟ್ಟೋಪಾಧ್ಯಾಯ. ‘ವಂದೇ ಮಾತರಂ’ ಬರೆದವರು. ಇದನ್ನು ಕೇಳಿ ಓದುವುದನ್ನು ಬಿಡಬೇಡಿರಿ. ಐದು ವಿಷಯಗಳಲ್ಲಿ ಚೆನ್ನಾಗಿ ಮಾಡಿದ್ದರು ಎಂಬುದನ್ನೂ ಕೇಳಿಸಿಕೊಳ್ಳಿರಿ.

೨೦೨೧ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯೇ ನಡೆಯಲಿಲ್ಲ. ಶಾಲೆಯೊಳಗಿನ ಮೌಲ್ಯಮಾಪನದ ಮೇಲೆ ಫಲಿತಾಂಶ ಕೊಟ್ಟರು. ರಾಜ್ಯದಲ್ಲಿ ನೂರಕ್ಕೆ ೯೯.೯೫ ಮಂದಿ ಪಾಸಾದರು. ಆ ವರ್ಷದ ನಮ್ಮ ಮಕ್ಕಳನ್ನು ‘ಕರೋನಾ ಪಾಸು’ ಎಂದು ಊರವರು ಗೇಲಿ ಮಾಡಿದರು. ನನಗೆ ಅದು ಸರಿಬೀಳಲಿಲ್ಲ. ಆ ಮಕ್ಕಳು ಒಂದು ಫೋನಿನಲ್ಲಿ ಮೂವರು ಅಣ್ಣತಮ್ಮಂದಿರು ಸರದಿಯ ಮೇಲೆ ಪಾಠ ಕೇಳಿದವರು. ಸಿಗ್ನಲ್ ಸಿಗಲೆಂದು ಮಾಳಿಗೆ ಹತ್ತಿ ಬಿಸಿಲಲ್ಲಿ ಕುಳಿತವರು. ಅದರಲ್ಲಿಯೂ ಕನ್ನಡದ ಪಾಠಗಳು ಫೋನಿನಲ್ಲಿ ದೊರೆಯುವುದು ಕಡಿಮೆಯಾದ್ದರಿಂದ ಮರಾಠಿಯ ಪಾಠ ಕೇಳಿ, ಬಾಲಭಾರತಿಯ ಕನ್ನಡ ಪುಸ್ತಕದಲ್ಲಿ ಅದೇ ಪುಟವನ್ನು ಹುಡುಕಿ ಹೊಂದಿಸಿಕೊಂಡರು. ಗೇಲಿ ಮಾಡಿದವರಲ್ಲಿ ಎಷ್ಟು ಮಂದಿ ಅಷ್ಟು ಮಾಡುತ್ತಿದ್ದರೋ!

ಇದಕ್ಕೆ ವಿರುದ್ಧವಾದ ಇನ್ನೊಂದು ಪಾಸಿನ ಬಗ್ಗೆಯೂ ಹೇಳಲೇಬೇಕು. ಮೈದಾನದಲ್ಲಿ ಪಾಸು ಕೊಡುವುದು ಒಳ್ಳೆಯ ಗುಣ. ಪರೀಕ್ಷೆಯ ಕೋಣೆಯಲ್ಲಿ ಚೀಟಿ ಪಾಸು ಮಾಡುವುದು ಅದೇ ಶಬ್ದವಾದರೂ ಅದೇ ಗುಣವಲ್ಲ. ಕಿಟಕಿಯ ಹೊರಗೆ ನಿಂತು ಚೀಟಿ ಎಸೆಯುವವರಲ್ಲಿ ಕೆಲವು ಪಾಲಕರೂ ಇರುತ್ತಾರೆ. ಇಲ್ಲಿ ಯಾರ ಕಡೆಗೂ ನೋಡದೆ ಈ ಮಾತನ್ನು ಹೇಳಿ ಮುಂದೆ ಹೋಗುತ್ತೇನೆ.

“ಪಾಸ್ ಆಗ್ತಾನಿಲ್ರಿ?” ಎಂದು ಕೇಳಿದ ಅಜ್ಜಿಗೆ ನಾನು ಆಗ್ತಾನೆಂದು ಹೇಳಿದೆ. ಅವಳು ಅಷ್ಟಕ್ಕೇ ಬಿಡಲಿಲ್ಲ. “ಪಾಸ್ ಆಗಿ ಎತ್ತಾಗ ಹೋಗ್ಬೇಕ್ರಿ?” ಎಂದಳು. ಇದು ಬರೀ ಅಜ್ಜಿಯ ಪ್ರಶ್ನೆಯಲ್ಲ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ನನ್ನ ಕೋಣೆಯಲ್ಲಿ ಕೂತು ಪಾಲಕರು ಕೇಳುವ ಪ್ರಶ್ನೆ. ಕನ್ನಡದಲ್ಲಿ ಹತ್ತು ಮುಗಿಸಿದವನು ಇಲ್ಲಿಯೇ ಮರಾಠಿಯ ಇಲ್ಲವೆ ಇಂಗ್ಲಿಷಿನ ಕಿರಿಯ ಮಹಾವಿದ್ಯಾಲಯಕ್ಕೆ ಹೋಗಬೇಕೋ, ಗಡಿ ದಾಟಿ ಬೀದರ ಕಲಬುರ್ಗಿಗಳಲ್ಲಿ ಪದವಿಪೂರ್ವಕ್ಕೆ ಸೇರಬೇಕೋ? ಎರಡೂ ದಾರಿಗಳಲ್ಲಿ ನಮ್ಮ ಮಕ್ಕಳಿದ್ದಾರೆ. ಇಲ್ಲಿ ಉಳ್ಳವರು ಮೊದಲ ಆರು ತಿಂಗಳು ವಿಜ್ಞಾನದ ಶಬ್ದಗಳಿಗಾಗಿ ಒದ್ದಾಡುತ್ತಾರೆ. ಅತ್ತ ಹೋದವರು ಪ್ರಮಾಣಪತ್ರಗಳಿಗಾಗಿ ಅಲೆಯುತ್ತಾರೆ. ಮನೆಯ ಹತ್ತಿರ ಇದ್ದು ಓದುವುದು ಸಾಧ್ಯವಿದ್ದರೆ ಹಾಗೆಯೇ ಓದಲಿ, ಕನ್ನಡದ ಮೂಲಕ ಕಲಿತ ಗಣಿತ ಎಲ್ಲಿ ಹೋದರೂ ಗಣಿತವೇ ಎಂಬುದು ನನ್ನ ಅಭಿಪ್ರಾಯ. ಒಪ್ಪದವರಿದ್ದಾರೆ, ನಮ್ಮ ಕಾರ್ಯಕಾರಿ ಮಂಡಳದಲ್ಲಿಯೇ ಇದ್ದಾರೆ. ಜೂನ್ ತಿಂಗಳವರೆಗೆ ಕಾಯದೆ ಈಗಲೇ ಬಂದು ಮಾತಾಡಿರಿ. ಯಾವ ದಾಖಲೆ ಎಲ್ಲಿಗೆ ಬೇಕೆಂದು ಒಂದು ವಹಿಯಲ್ಲಿ ಬರೆದಿಟ್ಟಿದ್ದೇವೆ.

ಹೊತ್ತು ಮೀರಿತು. ನಾನು ಹೇಳಿದ ಆ ಹುಡುಗ ಈ ವರ್ಷ ಹತ್ತನೆಯ ತರಗತಿಯಲ್ಲಿದ್ದಾನೆ. ಕಳೆದ ವಾರ ಅವನ ಸೋದರಮಾವ ಮತ್ತೊಂದು ಇಂಗ್ಲಿಷ್ ಸಂದೇಶ ಕಳಿಸಿದ್ದನಂತೆ. ಅದನ್ನು ತಾನೇ ಓದಿ, ಎರಡನೆಯ ಸಲ ಓದಿ, ಆಮೇಲೆ ತಾಯಿಗೆ ಹೇಳಿದೆನೆಂದು ನನಗೆ ತಿಳಿಸಿದ. ಭಾಲ್ಕಿಯಲ್ಲಿ ಮದುವೆಯಂತೆ.

ಕೊನೆಯದಾಗಿ ಒಂದು ಸೂಚನೆ. ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳಿಗೆ ಅಹಿಲ್ಯಾಬಾಯಿ ಹೋಳ್ಕರ ಹೆಸರಿನ ಯೋಜನೆಯಲ್ಲಿ ಎಸ್.ಟಿ. ಬಸ್ಸಿನ ಪಾಸು ಬಿಟ್ಟಿಯಾಗಿ ದೊರೆಯುತ್ತದೆ. ಹುಡುಗರಿಗೆ ರಿಯಾಯಿತಿಯ ಪಾಸು ಇದೆ. ಅವಧಿ ತೀರಲು ಬಂದವರ ಅರ್ಜಿಗಳಿಗೆಲ್ಲ ನಿನ್ನೆ ರಾತ್ರಿ ಸಹಿ ಮಾಡಿ, ಮುದ್ರೆ ಒತ್ತಿ, ಕಚೇರಿಯ ಮೇಜಿನ ಮೇಲೆ ಊರುವಾರಾಗಿ ಇಟ್ಟಿದ್ದೇನೆ. ಐದೂವರೆಯ ಬಸ್ಸಿಗೆ ಹೋಗುವವರು ಬಹುಮಾನ ವಿತರಣೆ ಮುಗಿದ ಕೂಡಲೇ ತೆಗೆದುಕೊಂಡು ಹೋಗಿರಿ. ಭಾವಚಿತ್ರ ಅಂಟಿಸದವರು ಅಂಟಿಸಿರಿ. ಅಂಟು ಅಲ್ಲಿಯೇ ಇದೆ.